ಕಾಫಿ, ಸಾರಾಯಿ, ಸಾಲ: ವಿದೇಶಿ ಬಂಡವಾಳದ ಕಾಲದಲ್ಲಿ ಸಿಲೋನಿನ ಸ್ಥಳೀಯ ವ್ಯಾಪಾರ

ಸಿಲೋನ್ ದ್ವೀಪದ, ಅಂದರೆ ಇಂದಿನ ಶ್ರೀಲಂಕೆಯ, ಹತ್ತೊಂಬತ್ತನೆಯ ಶತಮಾನದ ಕಾಫಿಯ ಇತಿಹಾಸವನ್ನು ಎರಡು ಬಗೆಯಲ್ಲಿ ಹೇಳುವ ರೂಢಿಯಿದೆ: ಕಾಡು ಕಡಿದು ತೋಟ ಎಬ್ಬಿಸಿದ ಬ್ರಿಟಿಷ್ ಪ್ಲಾಂಟರುಗಳ ಸಾಹಸವೆಂದು ಒಂದು, ನೆಲ ಕಸಿದುಕೊಂಡ ಪರಕೀಯರ ಲೂಟಿಯೆಂದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ದ್ವೀಪದ ಸ್ವಂತ ವ್ಯಾಪಾರಿ, ಎತ್ತಿನ ಗಾಡಿಯ ಯಜಮಾನ, ಸಾರಾಯಿ ಗುತ್ತಿಗೆದಾರ, ಹಿತ್ತಲಲ್ಲಿ ಕಾಫಿ ಬೆಳೆದ ಕ್ಯಾಂಡಿ ಸೀಮೆಯ ರೈತ, ಇವರು ಮೊದಲನೆಯ ಕಥನದಲ್ಲಿ ಕಾಣಿಸುವುದೇ ಇಲ್ಲ, ಎರಡನೆಯದರಲ್ಲಿ ಬರಿಯ ಬಲಿಪಶುಗಳಾಗಿ ಕಾಣಿಸುತ್ತಾರೆ. ವಾಸ್ತವದಲ್ಲಿ ಕಾಫಿಯ ಉಚ್ಛ್ರಾಯದ ಹಲವು ವರ್ಷಗಳಲ್ಲಿ ದ್ವೀಪದಿಂದ ಹೊರಟ ಕಾಫಿಯ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟನ್ನು ಬೆಳೆದವರು ಎಸ್ಟೇಟಿನ ಧಣಿಗಳಲ್ಲ, ಹಳ್ಳಿಯ ರೈತರು. ಕರ್ನಾಟಕದ ಮೂರನೆಯ ಒಂದರಷ್ಟು ವಿಸ್ತಾರವಿರುವ ಈ ದೇಶಕ್ಕೆ ಹೊರಗಿನ ಹಣ ಹರಿದುಬಂದಾಗ ಸ್ಥಳೀಯರಲ್ಲಿ ಯಾರು ಬೆಳೆದರು, ಯಾರು ಮುಳುಗಿದರು ಎಂಬುದು ಆ ಹಣದ ಮೊತ್ತದಿಂದ ನಿರ್ಧಾರವಾಗಲಿಲ್ಲ. ಜಮೀನಿನ ಹಕ್ಕುಪತ್ರ, ಸಾಲ ಕೊಡುವ ಬ್ಯಾಂಕು, ಫಸಲನ್ನು ಸರಕಾಗಿಸುವ ಯಂತ್ರ ಇವು ಯಾರ ಕೈಯಲ್ಲಿದ್ದವು ಎಂಬುದರಿಂದ ನಿರ್ಧಾರವಾಯಿತು.

ದ್ವೀಪಕ್ಕೆ ವಿದೇಶಿ ವ್ಯಾಪಾರ ಹೊಸದೇನಾಗಿರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸರು, 1658ರ ಹೊತ್ತಿಗೆ ಅವರನ್ನು ಹೊರದಬ್ಬಿದ ಡಚ್ಚರು, 1796ರಲ್ಲಿ ಡಚ್ಚರ ಕರಾವಳಿಯನ್ನು ವಶಪಡಿಸಿಕೊಂಡ ಬ್ರಿಟಿಷರು, ಎಲ್ಲರೂ ಕಣ್ಣಿಟ್ಟದ್ದು ದಾಲ್ಚಿನ್ನಿಯ ಮೇಲೆ. ಆದರೆ ಅದನ್ನು ವ್ಯಾಪಾರವೆಂದು ಕರೆಯುವುದು ಕಷ್ಟ, ಏಕೆಂದರೆ ಸಲಗಾಮ ಎಂಬ ಜಾತಿಯವರು ದಾಲ್ಚಿನ್ನಿ ಮರದ ತೊಗಟೆಯನ್ನು ಸುಲಿದು ಅಧಿಕಾರಿಗಳಿಗೆ ಒಪ್ಪಿಸುವುದು ಅವರ ಹುಟ್ಟಿನ ಋಣವೆಂದೇ ಎಣಿಸಲ್ಪಟ್ಟಿತ್ತು, ಮಾರುವ ಹಕ್ಕು ಮಾತ್ರ ಆಳುವವರದಾಗಿತ್ತು. ಸಿಂಹಳ ಅರಸರ ಕಾಲದಿಂದ ಬಂದ ರಾಜಕಾರಿಯ ಎಂಬ ಪದ್ಧತಿ, ಅಂದರೆ ಭೂಮಿ ಅನುಭವಿಸುವುದಕ್ಕೆ ಪ್ರತಿಯಾಗಿ ಅರಸನಿಗೆ ಸಲ್ಲಿಸಬೇಕಾದ ಬಿಟ್ಟಿ ಚಾಕರಿ, ಪರಕೀಯರ ಕೈಯಲ್ಲಿ ಏಕಸ್ವಾಮ್ಯದ ಸಾಧನವಾಯಿತು. 1815ರಲ್ಲಿ ಕ್ಯಾಂಡಿ ರಾಜ್ಯವೂ ಬ್ರಿಟಿಷರಿಗೆ ಒಪ್ಪಿಸಲ್ಪಟ್ಟು, 1833ರಲ್ಲಿ ಕೋಲ್‌ಬ್ರೂಕ್ ಮತ್ತು ಕ್ಯಾಮರೂನ್ ಎಂಬ ಇಬ್ಬರು ಆಯುಕ್ತರ ಶಿಫಾರಸಿನಂತೆ ರಾಜಕಾರಿಯವೂ ದಾಲ್ಚಿನ್ನಿಯ ಏಕಸ್ವಾಮ್ಯವೂ ರದ್ದಾದ ಮೇಲೆಯೇ ಖಾಸಗಿ ಬಂಡವಾಳಕ್ಕೆ ದ್ವೀಪದ ಬಾಗಿಲು ನಿಜವಾಗಿ ತೆರೆಯಿತು. ಗಮನಿಸಬೇಕಾದ ಸಂಗತಿಯೆಂದರೆ ಬಾಗಿಲು ತೆರೆದ ಈ ಕ್ರಮ ಸ್ಥಳೀಯರ ಪಾಲಿಗೂ ಬಿಡುಗಡೆಯೇ ಆಗಿತ್ತು.

ಕಾಫಿಗಿಡ ಬ್ರಿಟಿಷರಿಗಿಂತ ಮೊದಲೇ ಕ್ಯಾಂಡಿಯ ಹಳ್ಳಿಗಳ ಹಿತ್ತಲುಗಳಲ್ಲಿ ಇತ್ತು. ದ್ವೀಪದ ಮುಸ್ಲಿಂ ವರ್ತಕರು, ಪೋರ್ಚುಗೀಸರ ಕಾಲದಿಂದ ಮೂರರೆಂದು ಕರೆಯಲ್ಪಟ್ಟವರು, ತವಲಮ್ ಎಂಬ ಹೇರೆತ್ತುಗಳ ಸಾಲಿನೊಡನೆ ಬೆಟ್ಟ ಹತ್ತಿ, ಉಪ್ಪು, ಬಟ್ಟೆ, ಒಣಮೀನುಗಳನ್ನು ಮಾರಿ, ಅಡಕೆ ಮತ್ತು ಕಾಫಿಯನ್ನು ಕೊಂಡು ಕರಾವಳಿಗೆ ಇಳಿಸುತ್ತಿದ್ದರು. 1820ರ ದಶಕದಲ್ಲಿ ಗವರ್ನರ್ ಎಡ್ವರ್ಡ್ ಬಾರ್ನ್ಸ್ ಕೊಲಂಬೊದಿಂದ ಕ್ಯಾಂಡಿಗೆ ಬಿಟ್ಟಿ ಚಾಕರಿಯಿಂದಲೇ ರಸ್ತೆ ಕಡಿಸಿ, ಕಾಫಿಯ ಮೇಲಿನ ರಫ್ತು ಸುಂಕವನ್ನು ತೆಗೆದುಹಾಕಿ, ತಾನೂ ಪೆರಾದೆನಿಯದ ಬಳಿಯ ಗನ್ನೊರುವದಲ್ಲಿ ತೋಟ ಹಾಕಿದ. ಆದರೂ ಬಂಡವಾಳ ಪ್ರವಾಹದಂತೆ ನುಗ್ಗಿದ್ದು ದೂರದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಗೊಂಡು ಅಲ್ಲಿನ ಕಾಫಿ ಕುಸಿದಾಗ. 1835ರಲ್ಲಿ ಬ್ರಿಟನ್ನು ವೆಸ್ಟ್ ಇಂಡೀಸಿನ ಕಾಫಿಗೂ ಸಿಲೋನಿನ ಕಾಫಿಗೂ ಸಮನಾದ ಆಮದು ಸುಂಕ ವಿಧಿಸಿದ ಮೇಲೆ ಕ್ಯಾಂಡಿಯ ಬೆಟ್ಟಗಳು ಲಂಡನ್ನಿನ ಹಣದ ಕಣ್ಣಿಗೆ ಬಿದ್ದವು.

ಇಲ್ಲಿಂದ ಮುಂದೆ ಎಲ್ಲವೂ ನೆಲದ ಪ್ರಶ್ನೆಯ ಮೇಲೆ ನಿಂತಿತು. 1840ರ ಹನ್ನೆರಡನೆಯ ಶಾಸನವು ಕಾಡು, ಪಾಳು, ಸಾಗುವಳಿಯಾಗದ ನೆಲವೆಲ್ಲವೂ, ಬೇರೆಯವರ ಹಕ್ಕು ಸಾಬೀತಾಗುವವರೆಗೆ, ಸರ್ಕಾರದ ಸ್ವತ್ತು ಎಂದು ಸಾರಿತು. ಕ್ಯಾಂಡಿಯ ರೈತನ ಬದುಕು ಮೂರು ಬಗೆಯ ನೆಲದ ಮೇಲೆ ನಿಂತಿತ್ತು: ಕಣಿವೆಯ ಗದ್ದೆ, ಮನೆಯ ಸುತ್ತಣ ಹಿತ್ತಲು, ಬೆಟ್ಟದ ಮೇಲೆ ಕೆಲವು ವರ್ಷಗಳಿಗೊಮ್ಮೆ ಕಡಿದು ಸುಟ್ಟು ಬಿತ್ತುವ ಹೇನ, ಎಂದರೆ ಮಲೆನಾಡಿನವರು ಕುಮರಿ ಎನ್ನುವ ಬೇಸಾಯ. ಮೊದಲ ಎರಡಕ್ಕೆ ಏನಾದರೊಂದು ದಾಖಲೆಯೋ ಸಾಕ್ಷಿಯೋ ಸಿಗುತ್ತಿತ್ತು; ಹೇನದ ನೆಲಕ್ಕೆ ಊರಿನ ವಾಡಿಕೆಯ ಹೊರತು ಬೇರೆ ಪುರಾವೆ ಇರಲಿಲ್ಲ, ಕಾಗದವಿಲ್ಲದ ಹಕ್ಕನ್ನು ಹೊಸ ಕಾನೂನು ಹಕ್ಕೆಂದು ಒಪ್ಪುತ್ತಿರಲಿಲ್ಲ. ಹೀಗೆ ಸರ್ಕಾರದ್ದಾದ ಬೆಟ್ಟಗಳನ್ನು ಎಕರೆಗೆ ಐದು ಶಿಲಿಂಗಿನಂತೆ ಮಾರಲಾಯಿತು. ಕೊಂಡವರ ಸಾಲಿನಲ್ಲಿ ಗವರ್ನರ್ ಸ್ಟೂವರ್ಟ್ ಮೆಕೆಂಜಿಯೂ, ನ್ಯಾಯಾಧೀಶರೂ, ಸೇನಾಧಿಕಾರಿಗಳೂ, ಸಿವಿಲ್ ಅಧಿಕಾರಿಗಳೂ ಇದ್ದರು. ಹಕ್ಕಿನ ವಿವಾದವನ್ನು ತೀರ್ಮಾನಿಸುವವರೇ ನೆಲದ ಗಿರಾಕಿಗಳಾದ ಈ ಅಪರೂಪದ ಏರ್ಪಾಟನ್ನು ಮುಕ್ತ ಮಾರುಕಟ್ಟೆ ಎಂದು ಕರೆಯಲು ಸಾಕಷ್ಟು ಧೈರ್ಯ ಬೇಕು. 1844ರಲ್ಲಿ ಕನಿಷ್ಠ ಬೆಲೆಯನ್ನು ಎಕರೆಗೆ ಒಂದು ಪೌಂಡಿಗೆ ಏರಿಸಲಾಯಿತು, ಅಧಿಕಾರಿಗಳು ತೋಟದ ವ್ಯವಹಾರದಿಂದ ದೂರವಿರಬೇಕೆಂಬ ನಿಯಮವೂ ಬಂದಿತು. ಅಷ್ಟರೊಳಗೆ ಒಳ್ಳೆಯ ನೆಲದ ದೊಡ್ಡ ಪಾಲು ಕೈಬದಲಾಗಿತ್ತು. ಐದು ಶಿಲಿಂಗಿನ ದರ ಸಿಂಹಳೀಯನಿಗೂ ಅನ್ವಯಿಸುತ್ತಿತ್ತು ಎಂಬುದು ನಿಜ, ಆದರೆ ತುಂಡುಭೂಮಿ ಬೇಕಿದ್ದ ರೈತ ಅಳತೆಯ ವೆಚ್ಚವನ್ನೂ ದೊಡ್ಡ ಹಿಡುವಳಿಯ ಹರಾಜನ್ನೂ ಎದುರಿಸಬೇಕಿತ್ತು.

1847ರಲ್ಲಿ ಬ್ರಿಟನ್ನಿನ ವಾಣಿಜ್ಯ ಬಿಕ್ಕಟ್ಟು ಕಾಫಿಯ ಬೆಲೆಯನ್ನು ಕೆಡವಿದಾಗ ಸಾಲದ ಮೇಲೆ ನಿಂತಿದ್ದ ಅನೇಕ ತೋಟಗಳು ಬಿದ್ದುಹೋದವು. ಖಜಾನೆಯನ್ನು ತುಂಬಿಸಿಕೊಳ್ಳಲು ಗವರ್ನರ್ ಟಾರಿಂಗ್‌ಟನ್ ಅಂಗಡಿ, ಬಂದೂಕು, ನಾಯಿಗಳ ಮೇಲೆಯೂ ತೆರಿಗೆ ಹಾಕಿ, ರಸ್ತೆಗಾಗಿ ಪ್ರತಿಯೊಬ್ಬ ಗಂಡಾಳೂ ವರ್ಷಕ್ಕೆ ಇಷ್ಟು ದಿನ ದುಡಿಯಬೇಕು ಇಲ್ಲವೇ ಹಣ ತೆರಬೇಕೆಂದು ವಿಧಿಸಿದ್ದರಿಂದ, 1848ರಲ್ಲಿ ಮಾತಲೆ ಮತ್ತು ಕುರುನೆಗಲ ಪ್ರದೇಶಗಳಲ್ಲಿ ದಂಗೆ ಎದ್ದಿತು. ಅದನ್ನು ಸೇನಾ ಶಾಸನದ ಮೂಲಕ ಹತ್ತಿಕ್ಕಲಾಯಿತು. ಅದರ ಕ್ರೌರ್ಯದ ಕುರಿತು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಿಚಾರಣೆಯೆದ್ದು ಗವರ್ನರನು ಹಿಂದಿರುಗಬೇಕಾಯಿತು.

ಇಷ್ಟರ ನಡುವೆಯೂ ಹಳ್ಳಿಯ ಕಾಫಿ ಬೆಳೆಯುತ್ತಲೇ ಹೋಯಿತು. ಎಸ್ಟೇಟಿನ ಹಣ್ಣನ್ನು ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದರೆ, ಹಳ್ಳಿಯ ಹಣ್ಣು ಸಿಪ್ಪೆಯೊಡನೆಯೇ ಅಂಗಳದಲ್ಲಿ ಒಣಗುತ್ತಿತ್ತು. ಕೊಡಗು ಮತ್ತು ಮಲೆನಾಡಿನ ಬೆಳೆಗಾರರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಪಾರ್ಚ್‌ಮೆಂಟ್, ಎರಡನೆಯದು ಚೆರಿ. ಬೆಲೆ ಕಡಿಮೆ ಸಿಕ್ಕಿದರೂ ಹಳ್ಳಿಯ ಕಾಫಿಗೆ ಖರ್ಚೆಂಬುದೇ ಇರಲಿಲ್ಲ, ಕೂಲಿ ಇರಲಿಲ್ಲ, ಸಾಲವಿರಲಿಲ್ಲ. ಎಸ್ಟೇಟುಗಳಿಗಾಗಿ ಕಡಿದ ರಸ್ತೆಯೇ ಅದನ್ನೂ ಹಡಗಿಗೆ ಮುಟ್ಟಿಸುತ್ತಿತ್ತು. 1847ರ ಕುಸಿತದಲ್ಲಿ ಸಾಲಗಾರ ಪ್ಲಾಂಟರು ಮುಳುಗಿದನೇ ಹೊರತು ಹಿತ್ತಲಿನವನು ಮುಳುಗಲಿಲ್ಲ ಎಂಬುದನ್ನು, ದೊಡ್ಡ ಹಿಡುವಳಿಯೇ ದಕ್ಷವೆಂದು ವಾದಿಸುವವರು ನೆನಪಿನಲ್ಲಿಡುವುದು ಒಳ್ಳೆಯದು.

ಕಾಫಿಯ ಸುತ್ತ ಹುಟ್ಟಿದ ಉಪಕಸುಬುಗಳಲ್ಲಿ ಸ್ಥಳೀಯರ ಕೈ ಇನ್ನಷ್ಟು ಬಲವಾಗಿತ್ತು. ಬೆಟ್ಟದಿಂದ ಕಾಫಿಯನ್ನು ಇಳಿಸಿ, ಕೂಲಿಗಳಿಗೆ ಬೇಕಾದ ಅಕ್ಕಿಯನ್ನು ಹತ್ತಿಸುವ ಎತ್ತಿನ ಗಾಡಿಗಳ ಯಜಮಾನಿಕೆ ಬಹುಮಟ್ಟಿಗೆ ಕೆಳನಾಡಿನ, ಅಂದರೆ ನೈರುತ್ಯ ಕರಾವಳಿಯ ಸಿಂಹಳೀಯರದಾಗಿತ್ತು. ಮೊರಟುವದ ಬಡಗಿಗಳು ಗಾಡಿಯನ್ನೂ, ಕಾಫಿ ತುಂಬುವ ಮರದ ಪೀಪಾಯಿಗಳನ್ನೂ ಮಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹಣ ಹುಟ್ಟಿದ್ದು ಸಾರಾಯಿಯಲ್ಲಿ. ತೆಂಗಿನ ಹೆಂಡವನ್ನು ಭಟ್ಟಿ ಇಳಿಸಿ ತೆಗೆಯುವ ಅರ್ಯಾಕ್ ಎಂಬ ಮದ್ಯವನ್ನು ಒಂದು ಪ್ರದೇಶದಲ್ಲಿ ಚಿಲ್ಲರೆಯಾಗಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಕರ್ನಾಟಕದ ಓದುಗರಿಗೆ ಅಬಕಾರಿ ಗುತ್ತಿಗೆಯೆಂದರೆ ಇದರ ಸ್ವರೂಪ ತಾನಾಗಿಯೇ ತಿಳಿಯುತ್ತದೆ. ತೋಟದ ಕೂಲಿಗಳು, ಗಾಡಿಯವರು, ರಸ್ತೆ ಕೆಲಸದವರು ಹೆಚ್ಚಿದಂತೆ ಬೆಟ್ಟದ ದಾರಿಯುದ್ದಕ್ಕೂ ಸಾರಾಯಿ ಅಂಗಡಿಗಳು ಹೆಚ್ಚಿದವು. ಮೊರಟುವ ಮತ್ತು ಪಾಣದುರ ಕಡೆಯ, ಮೂಲದಲ್ಲಿ ಮೀನುಗಾರಿಕೆ ಹಾಗೂ ಮರಗೆಲಸದ ಕಸುಬಿನ ಕರಾವ ಜಾತಿಯ ಕುಟುಂಬಗಳು, ಬಂಧುಗಳೊಡನೆ ಕೂಟ ಕಟ್ಟಿಕೊಂಡು ಗುತ್ತಿಗೆಗಳನ್ನು ಹಿಡಿದು, ಬಂದ ಲಾಭದಲ್ಲಿ ತೆಂಗಿನ ತೋಟ, ಕಾಫಿ ತೋಟ, ಕೊಲಂಬೊದ ನಿವೇಶನಗಳನ್ನು ಕೊಂಡವು. ಅವರಲ್ಲಿ ಹೆಸರಾದ ಜೆರೋನಿಸ್ ಸೊಯ್ಸ 1830ರ ದಶಕದ ಕೊನೆಯಲ್ಲಿ ಹಂಗುರಂಕೆತದ ಸರ್ಕಾರಿ ಕಾಫಿ ತೋಟವನ್ನು ಕೊಂಡು, ಪ್ಲಾಂಟರಾದ ಮೊದಲ ಸಿಂಹಳೀಯರಲ್ಲಿ ಒಬ್ಬನೆನಿಸಿದ; ಅವನ ಮಗ ಚಾರ್ಲ್ಸ್ ಹೆನ್ರಿ ಡಿ ಸೊಯ್ಸ 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗನಿಗೆ ಕೊಲಂಬೊದಲ್ಲಿ ಔತಣವಿತ್ತು, ಕೊಲಂಬೊದಲ್ಲಿ ಹೆರಿಗೆ ಆಸ್ಪತ್ರೆಯನ್ನೂ ಮೊರಟುವದಲ್ಲಿ ಶಾಲೆಯನ್ನೂ ಕಟ್ಟಿಸಿದ. ದ್ವೀಪದ ದೇಶೀಯ ಶ್ರೀಮಂತಿಕೆಯ ಬುನಾದಿಯಲ್ಲಿ ಸಾರಾಯಿ ಇದೆಯೆಂಬ ಸಂಗತಿಯನ್ನು ಕುಮಾರಿ ಜಯವರ್ಧನರಂಥ ಇತಿಹಾಸಕಾರರು ವಿವರವಾಗಿ ತೋರಿಸಿದ್ದಾರೆ. ಈ ಶ್ರೀಮಂತಿಕೆ ವಿದೇಶಿ ಬಂಡವಾಳಕ್ಕೆ ಎದುರಾಗಿ ಅಲ್ಲ, ಅದು ಹಂಚಿದ ಕೂಲಿಯ ಹಣವನ್ನೇ ಹೀರಿ ಬೆಳೆಯಿತು ಎಂಬುದನ್ನೂ ಸೇರಿಸಿ ಹೇಳಬೇಕು. ಆ ಕೂಲಿಯೂ ತಮಿಳುನಾಡಿನ ಬಡ ಹಳ್ಳಿಗಳಿಂದ ಕಾಲ್ನಡಿಗೆಯಲ್ಲಿ ಬಂದು, ಕಂಗಾಣಿ ಎಂಬ ಮೇಸ್ತ್ರಿಯಿಂದ ಪಡೆದ ಮುಂಗಡದ ಸಾಲದಲ್ಲಿ ಸಿಕ್ಕಿಕೊಂಡವರದಾಗಿತ್ತು.

ಗ್ರಾಫೈಟಿನ ಕಥೆ ಬೇರೆ ಬಗೆಯದು. ಲೋಹ ಕರಗಿಸುವ ಮೂಸೆಗಳನ್ನು ಮಾಡಲು ಬೇಕಾಗುವ ಈ ಖನಿಜ ಕುರುನೆಗಲ, ಕೆಗಲ್ಲ ಮುಂತಾದ ಕಡೆ ಆಳವಿಲ್ಲದ ಗುಂಡಿಗಳಲ್ಲಿ ಸಿಗುತ್ತಿದ್ದುದರಿಂದ, ದೊಡ್ಡ ಯಂತ್ರವಿಲ್ಲದೆ ಗುದ್ದಲಿ, ಏಣಿ, ರಾಟೆಗಳಿಂದಲೇ ಗಣಿಗಾರಿಕೆ ಸಾಧ್ಯವಾಯಿತು, ಗಣಿಗಳು ಹೆಚ್ಚಿನಂಶ ಸಿಂಹಳೀಯರ ಕೈಯಲ್ಲಿಯೇ ಉಳಿದವು. ಸ್ವತಂತ್ರ ಸಿಲೋನಿನ ಮೊದಲ ಪ್ರಧಾನಿ ಡಿ. ಎಸ್. ಸೇನಾನಾಯಕರ ತಂದೆ ಡಾನ್ ಸ್ಪೇಟರ್ ಹಣ ಮಾಡಿದ್ದು ಇದೇ ಗ್ರಾಫೈಟಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಏರಿದ ಬೆಲೆ ಆಮೇಲೆ ಮಡಗಾಸ್ಕರಿನ ಸ್ಪರ್ಧೆಯಿಂದ ಇಳಿಯಿತು.

1867ರಲ್ಲಿ ರೈಲು ಕ್ಯಾಂಡಿಯನ್ನು ಮುಟ್ಟಿದಾಗ ಆ ದಾರಿಯ ದೂರಸಾಗಣೆ ಗಾಡಿಯವರ ಕೈತಪ್ಪಿತು. ಎರಡೇ ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು: 1869ರಲ್ಲಿ ಕಾಫಿಯ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಂಡ ತುಕ್ಕು ರೋಗ, ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದಿಂದ ಬರುವಂಥದು, ದ್ವೀಪದ ತುಂಬ ಹರಡಿತು. 1870ರ ದಶಕದಲ್ಲಿ ಬೆಲೆ ಏರುತ್ತಿದ್ದುದರಿಂದ ಇಳುವರಿಯ ಕುಸಿತ ಮರೆಯಾಗಿ, ರೋಗದ ನಡುವೆಯೇ ಹೊಸ ಕಾಡುಗಳನ್ನು ಕಡಿದು ನೆಡಲಾಯಿತು. 1878ರ ಹೊತ್ತಿಗೆ ಕಾಫಿ ತೋಟಗಳ ವಿಸ್ತಾರ ಸುಮಾರು 2,75,000 ಎಕರೆ ಮುಟ್ಟಿತು. ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1880ರಿಂದ 1882ರವರೆಗೆ ದ್ವೀಪದಲ್ಲಿದ್ದು ಶಿಲೀಂಧ್ರದ ಜೀವನಚಕ್ರವನ್ನು ಬಿಡಿಸಿಟ್ಟರೂ ಆಗ ಔಷಧವಿರಲಿಲ್ಲ. ಇದೇ ರೋಗ ಮೈಸೂರು ಮತ್ತು ಕೊಡಗುಗಳಿಗೂ ಹಬ್ಬಿತಾದರೂ ಅಲ್ಲಿ ಕಾಫಿ ಅಳಿಯಲಿಲ್ಲ. ಶಿಲೀಂಧ್ರಕ್ಕೆ ಪ್ರತಿಕೂಲವಾದ ದೀರ್ಘ ಬೇಸಿಗೆ, ಮರಗಳ ನೆರಳು, ಕಾಲದಿಂದ ಕಾಲಕ್ಕೆ ಬದಲಾದ ತಳಿಗಳು ಅದನ್ನು ಉಳಿಸಿದವು, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸ್ಥಾಪನೆಯಾದ ಸಂಶೋಧನಾ ಕೇಂದ್ರ ಆ ಕೆಲಸವನ್ನು ಮುಂದುವರಿಸಿತು. ಸಿಲೋನಿನ ಬೋಳುಬೆಟ್ಟದ ಏಕಬೆಳೆಗೆ ಈ ಯಾವ ಅನುಕೂಲವೂ ಇರಲಿಲ್ಲ.

ಕುಸಿತ ಎಲ್ಲರಿಗೂ ಒಂದೇ ತೆರನಾಗಿ ತಟ್ಟಲಿಲ್ಲ. ಕಾಫಿಗೆ ಧಾರಾಳವಾಗಿ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕು 1884ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದಾಗ ದ್ವೀಪದಲ್ಲಿ ಚಲಾವಣೆಯಲ್ಲಿದ್ದ ಅದರ ನೋಟುಗಳು ಕಾಗದದ ಚೂರುಗಳಾಗುವ ಸ್ಥಿತಿ ಬಂದಿತು. ಗವರ್ನರ್ ಆರ್ಥರ್ ಗಾರ್ಡನ್ ಸರ್ಕಾರದ ಹೊಣೆಯನ್ನು ಅವುಗಳ ಬೆನ್ನಿಗಿಟ್ಟು ಗಾಬರಿಯನ್ನು ತಡೆದ, ಆ ಬಳಿಕ ಸರ್ಕಾರವೇ ನೋಟು ಹೊರಡಿಸತೊಡಗಿತು. ಪ್ಲಾಂಟರುಗಳಲ್ಲಿ ಹಲವರು ದಿವಾಳಿಯೆದ್ದು ದ್ವೀಪ ಬಿಟ್ಟರು, ಉಳಿದವರು ಕ್ವಿನೈನ್ ಔಷಧದ ಮೂಲವಾದ ಸಿಂಕೋನ ಮರ ನೆಟ್ಟು, ಅದರ ಬೆಲೆಯೂ ಬಿದ್ದಾಗ ಚಹಾಕ್ಕೆ ತಿರುಗಿದರು. ಕ್ಯಾಂಡಿಯ ರೈತನಿಗೆ ತಿರುಗಲು ಬೇರೆ ದಿಕ್ಕಿರಲಿಲ್ಲ. ಹಿತ್ತಲ ಕಾಫಿಯಿಂದ ಕೈಗೆ ಬರುತ್ತಿದ್ದ ನಗದು ನಿಂತುಹೋಗಿ, ಭತ್ತದ ಮೇಲಿನ ತೆರಿಗೆಯನ್ನು ಹಣವಾಗಿ ಕಟ್ಟಲಾಗದೆ, 1880ರ ದಶಕದಲ್ಲಿ ನುವರ ಎಲಿಯ ಜಿಲ್ಲೆಯ ವಲಪನೆ ಕಡೆ ಗದ್ದೆಗಳು ಬಾಕಿಗಾಗಿ ಹರಾಜಾದವು. ಈ ಸಂಕಟವನ್ನು ಸರ್ಕಾರದ ಗಮನಕ್ಕೆ ತಂದವನು ಲೆ ಮೆಸುರಿಯರ್ ಎಂಬ ಬ್ರಿಟಿಷ್ ಅಧಿಕಾರಿಯೇ. ತೆರಿಗೆ 1892ರಲ್ಲಿ ರದ್ದಾಯಿತು. ರಫ್ತು ಬೆಳೆ ಕೊಟ್ಟ ನಗದಿನ ಮೇಲೆ ತೆರಿಗೆಯ ಲೆಕ್ಕ ನಿಂತಿರುವಾಗ ಆ ಬೆಳೆ ಸತ್ತರೆ ಅನ್ನದ ಗದ್ದೆಯೂ ಹೋಗುತ್ತದೆಂಬುದಕ್ಕೆ ವಲಪನೆಗಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ.

ಚಹಾ ಬಂದಾಗ ಹಳ್ಳಿಯವನು ಆಟದಿಂದಲೇ ಹೊರಗುಳಿದ. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿ ಲೂಲೆಕಂದೆರ ತೋಟದ 19 ಎಕರೆಗಳಲ್ಲಿ ಚಹಾ ನೆಟ್ಟ. 1873ರಲ್ಲಿ ಲಂಡನ್ನಿಗೆ ಹೋದದ್ದು 23 ಪೌಂಡು ಚಹಾ, ಶತಮಾನ ಮುಗಿಯುವಷ್ಟರಲ್ಲಿ ಬೆಳೆ 3 ಲಕ್ಷ ಎಕರೆಯನ್ನು ಮೀರಿತ್ತು. ಕಾಫಿಯ ಹಣ್ಣು ಅಂಗಳದಲ್ಲಿ ಒಣಗಿದರೆ ತಿಂಗಳುಗಟ್ಟಲೆ ಕಾಯುತ್ತದೆ. ಚಿವುಟಿದ ಚಹಾ ಎಲೆ ಮರುದಿನದೊಳಗೆ ಬಾಡಿಸಿ, ಉರುಳಿಸಿ, ಹುದುಗಿಸಿ, ಒಣಗಿಸುವ ಯಂತ್ರಗಳನ್ನು ದಾಟದಿದ್ದರೆ ಕಸವಾಗುತ್ತದೆ. ತೋಟದ ಮಗ್ಗುಲಲ್ಲೇ ಕಾರ್ಖಾನೆ ಬೇಕೆಂಬ ಈ ಒಂದು ಅಗತ್ಯ ಒಂಟಿ ಪ್ಲಾಂಟರನ್ನೂ ಬದಿಗೆ ಸರಿಸಿತು. ಅವನ ಜಾಗದಲ್ಲಿ ಲಂಡನ್ನಿನಲ್ಲಿ ನೋಂದಾಯಿತವಾಗಿ ಪೌಂಡಿನಲ್ಲಿ ಷೇರು ಎತ್ತುತ್ತಿದ್ದ ಸ್ಟರ್ಲಿಂಗ್ ಕಂಪನಿಗಳೂ, ಕೊಲಂಬೊದಲ್ಲಿ ನೋಂದಾಯಿತವಾದ ರೂಪಾಯಿ ಕಂಪನಿಗಳೂ ಬಂದವು. ಅವೆರಡರ ಪರವಾಗಿ ಆಡಳಿತ, ಸಾಲ, ಗೊಬ್ಬರ, ಯಂತ್ರ, ವಿಮೆ, ಹಡಗು, ಮಾರಾಟ ಎಲ್ಲವನ್ನೂ ಕಮಿಷನ್ನಿಗೆ ನೋಡಿಕೊಳ್ಳುವ ಏಜೆನ್ಸಿ ಹೌಸ್ ಎಂಬ ಕೊಲಂಬೊದ ಬ್ರಿಟಿಷ್ ಸಂಸ್ಥೆಗಳು ಬಲಿತವು. 1883ರ ಜುಲೈ 30ರಂದು ಕೊಲಂಬೊದಲ್ಲಿ ಚಹಾದ ಮೊದಲ ಹರಾಜು ನಡೆಯಿತು, 1890ರಲ್ಲಿ ಬಂದ ಥಾಮಸ್ ಲಿಪ್ಟನ್ ಬಿದ್ದ ಬೆಲೆಗೆ ತೋಟಗಳನ್ನು ಕೊಂಡು ತನ್ನ ಹೆಸರಿನ ಪೊಟ್ಟಣದಲ್ಲಿ ಎಲೆಯನ್ನು ಬ್ರಿಟನ್ನಿನ ಅಂಗಡಿಗೆ ನೇರವಾಗಿ ಮುಟ್ಟಿಸಿದ. ಗಿಡದಿಂದ ಗ್ರಾಹಕನವರೆಗಿನ ಸರಪಳಿಯಲ್ಲಿ ಸ್ಥಳೀಯ ವರ್ತಕ ಕೈ ಇಡಬಹುದಾದ ಕೊಂಡಿ ಬಹಳ ಕಡಿಮೆ ಉಳಿಯಿತು. ಆದ್ದರಿಂದ ದೇಶೀಯ ಹಣ ಬಹುತೇಕ ತೆಂಗಿನತ್ತ ಹರಿಯಿತು. ಕೊಬ್ಬರಿ, ಎಣ್ಣೆ, ನಾರುಗಳಿಗೆ ಸಣ್ಣ ಬಂಡವಾಳ ಸಾಕಾಗುತ್ತಿತ್ತು.

ತೆಂಗಿನ ಯಜಮಾನನಿಗೂ ಸಾಲ ಬೇಕಿತ್ತು. ಕೊಲಂಬೊದ ಬ್ರಿಟಿಷ್ ಎಕ್ಸ್‌ಚೇಂಜ್ ಬ್ಯಾಂಕುಗಳು, ಅಂದರೆ ವಿದೇಶಿ ವ್ಯಾಪಾರದ ಹುಂಡಿಗಳನ್ನು ಕೊಳ್ಳುವುದೇ ಮುಖ್ಯ ಕಸುಬಾಗಿದ್ದ ಬ್ಯಾಂಕುಗಳು, ಸಿಂಹಳೀಯನಿಗೆ ನೇರವಾಗಿ ಸಾಲ ಕೊಡಲು ಹಿಂಜರಿಯುತ್ತಿದ್ದವು. ತಮಿಳುನಾಡಿನಿಂದ ಬಂದ ನಾಟ್ಟುಕೋಟ್ಟೈ ಚೆಟ್ಟಿಯಾರರಿಗೆ ಕೊಡುತ್ತಿದ್ದವು, ಅವರು ಅದೇ ಹಣವನ್ನು ಹೆಚ್ಚಿನ ಬಡ್ಡಿಗೆ ಸಿಂಹಳೀಯನಿಗೆ ಕೊಡುತ್ತಿದ್ದರು. 1925ರಲ್ಲಿ ಚೆಟ್ಟಿಯಾರರ ಕೆಲವು ವ್ಯವಹಾರಗಳು ಮುರಿದುಬಿದ್ದು ಬ್ಯಾಂಕುಗಳು ಅವರಿಗೆ ಕೊಡುತ್ತಿದ್ದ ಸಾಲವನ್ನು ಬಿಗಿಹಿಡಿದಾಗ, ಚೆಟ್ಟಿಯಾರರು ತಮ್ಮ ಸಾಲಗಳನ್ನು ವಾಪಸು ಕೇಳಿದರು; ಮುಂದಿನ ಜಾಗತಿಕ ಕುಸಿತದಲ್ಲಿ ಅಡಮಾನವಿಟ್ಟ ಅನೇಕ ತೆಂಗಿನ ತೋಟಗಳು ಕೈಬದಲಾದವು. ಜನರ ಸಿಟ್ಟು ಬ್ಯಾಂಕಿನ ಮೇಲೆ ಹೋಗದೆ ಎದುರಿಗೆ ಕುಳಿತ ಚೆಟ್ಟಿಯಾರರ ಮೇಲೆ, ಅವರ ಮೂಲಕ ಭಾರತೀಯರೆಲ್ಲರ ಮೇಲೆ ತಿರುಗಿತು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಸ್ಥಾಪಕ ಸೊರಾಬ್ಜಿ ಪೋಚ್‌ಖಾನಾವಾಲಾ ಅಧ್ಯಕ್ಷತೆಯ ಬ್ಯಾಂಕಿಂಗ್ ಆಯೋಗ 1934ರಲ್ಲಿ ಕೊಟ್ಟ ವರದಿ, ಸರ್ಕಾರದ ನೆರವಿನ ದೇಶೀಯ ಬ್ಯಾಂಕು ಬೇಕೆಂದು ಶಿಫಾರಸು ಮಾಡಿತು. ಬ್ಯಾಂಕ್ ಆಫ್ ಸಿಲೋನ್ 1939ರಲ್ಲಿ ಆರಂಭವಾಯಿತು. ದ್ವೀಪದ ಬೆಟ್ಟಗಳಲ್ಲಿ ಕಾಫಿಯ ಹಣ ಓಡಾಡಲು ತೊಡಗಿ ಆಗಲೇ ಒಂದು ಶತಮಾನ ಕಳೆದಿತ್ತು.

ಸ್ವಾತಂತ್ರ್ಯದ ನಂತರ 1972 ಮತ್ತು 1975ರ ಭೂಸುಧಾರಣೆಗಳು ದೊಡ್ಡ ತೋಟಗಳನ್ನು, ಸ್ಟರ್ಲಿಂಗ್ ಕಂಪನಿಗಳವನ್ನೂ ಸೇರಿಸಿ, ಸರ್ಕಾರದ ವಶಕ್ಕೆ ತಂದವು. 1992ರಿಂದ ಅವುಗಳ ಆಡಳಿತ ಮತ್ತೆ ಖಾಸಗಿ ಕಂಪನಿಗಳ ಕೈಸೇರಿತು. ಒಡೆತನದ ಈ ಹಗ್ಗಜಗ್ಗಾಟಕ್ಕಿಂತ ಹೆಚ್ಚಿನ ಬದಲಾವಣೆಯನ್ನು ತಂದದ್ದು ಯಾರ ತೋಟದ ಎಲೆಯನ್ನಾದರೂ ಕೊಂಡು ಸಂಸ್ಕರಿಸುವ ಕಾರ್ಖಾನೆಗಳು ಕೆಳನಾಡಿನಲ್ಲಿ ಹೆಚ್ಚಿದ್ದು ಮತ್ತು ಸಣ್ಣ ಹಿಡುವಳಿದಾರರಿಗೆ ಸಸಿ, ಸಹಾಯಧನಗಳು ಸಿಕ್ಕಿದ್ದು. ಇಂದು ಗಾಲೆ, ಮಾತರ, ರತ್ನಪುರ ಮೊದಲಾದ ಜಿಲ್ಲೆಗಳ ಸಣ್ಣ ಬೆಳೆಗಾರರು, ಹೆಚ್ಚಿನವರು ಒಂದೆರಡು ಎಕರೆಗೂ ಕಡಿಮೆ ನೆಲದವರು, ಶ್ರೀಲಂಕೆಯ ಒಟ್ಟು ಚಹಾದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚನ್ನು ಬೆಳೆಯುತ್ತಾರೆ.